ಮೇಲೆ ಮೆಲಡಿ, ಕೆಳಗೆ ಬೇಸ್: ಲೀಡ್ ಶೀಟ್ ನೋಡಿ ಪಿಯಾನೊದಲ್ಲಿ ಸ್ತುತಿಗೀತೆ ನುಡಿಸುವುದು

ಲೀಡ್ ಶೀಟ್ ಮೊದಲ ಸಲ ಕೈಗೆ ಬಂದಾಗ ಎಲ್ಲರಿಗೂ ಬರುವ ಅನುಮಾನ ಒಂದೇ: ಎಡಗೈಗೆ ಏನೂ ಬರೆದೇ ಇಲ್ವಲ್ಲ? ಹೌದು, ಬರೆದಿಲ್ಲ. ಒಂದು ಸಾಲು ಮೆಲಡಿ, ಅದರ ಮೇಲೆ ಅಲ್ಲಲ್ಲಿ ಜಿ, ಸಿ, ಡಿ7 ಅಂತ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿನ) ಹೆಸರು, ಕೆಳಗೆ ಹಾಡಿನ ಸಾಹಿತ್ಯ. ಅಷ್ಟೇ. ಕಾರ್ಡನ್ನು ಯಾವ ಎತ್ತರದಲ್ಲಿ ಹಿಡಿಯಬೇಕು, ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಎಷ್ಟು ಸಲ ನುಡಿಸಬೇಕು, ಹೇಗೆ ಶುರು ಮಾಡಬೇಕು, ಹೇಗೆ ಮುಗಿಸಬೇಕು, ಯಾವುದನ್ನೂ ಅದು ಹೇಳುವುದಿಲ್ಲ.

ಚರ್ಚ್‌ನ ಹಾಡಿನ ಪುಸ್ತಕ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ದನಿಗಳಿಗೂ ಸ್ವರ ಬರೆದಿರುತ್ತದೆ. ಎಷ್ಟೋ ಹಾಡುಗಳಲ್ಲಿ ಹೆಚ್ಚುಕಮ್ಮಿ ಪ್ರತಿ ಬೀಟಿಗೂ (ತಾಳದ ಎಣಿಕೆಗೂ) ಕಾರ್ಡ್ ಬದಲಾಗುತ್ತದೆ. ಓದಲು ಬಂದರೆ ಇದ್ದದ್ದನ್ನು ಇದ್ದ ಹಾಗೆ ನುಡಿಸಿದರಾಯಿತು. ಹಾಗಿದ್ದ ಮೇಲೆ ಲೀಡ್ ಶೀಟಿನ ತಂಟೆ ಯಾಕೆ?

ಕಾರಣ ಪಿಯಾನೊದ ಒಳಗೇ ಇದೆ. ಪುಸ್ತಕದ ಆ ನಾಲ್ಕು ಸಾಲು ಬರೆದಿರುವುದು ಮನುಷ್ಯರ ಗಂಟಲಿಗೆ. ಗಂಟಲು ಒಂದು ಸ್ವರವನ್ನು ಮೂರು ಬೀಟ್ ಹಿಡಿದಿಡುತ್ತದೆ, ಬೇಕಾದರೆ ನಡುವೆ ಜೋರೂ ಮಾಡುತ್ತದೆ. ಆರ್ಗನ್ ಕೂಡ ಕೀ ಬಿಡುವ ತನಕ ದನಿ ಹಿಡಿದಿರುತ್ತದೆ. ಪಿಯಾನೊ ಹಾಗಲ್ಲ. ಸುತ್ತಿಗೆ ತಂತಿಗೆ ಬಡಿದ ಕ್ಷಣದಿಂದಲೇ ದನಿ ಇಳಿಯುತ್ತಾ ಹೋಗುತ್ತದೆ. ಪುಸ್ತಕದಲ್ಲಿರುವ ನಾಲ್ಕು ಸ್ವರಗಳನ್ನೇ ಒತ್ತಿ ಹಿಡಿದು ಕೂತರೆ, ಉದ್ದ ಸ್ವರ ಬಂದಲ್ಲೆಲ್ಲ ಹಾಡು ಖಾಲಿ ಖಾಲಿ ಅನಿಸುತ್ತದೆ. ಪಿಯಾನೊದವರು ಏನಾದರೂ ಸೇರಿಸಲೇಬೇಕು. ಏನು ಸೇರಿಸಬೇಕು ಅನ್ನುವುದನ್ನು ಲೀಡ್ ಶೀಟ್ ನಿಮಗೇ ಬಿಟ್ಟಿದೆ. ಹೀಗೆ ಸ್ಥಳದಲ್ಲೇ ಕಟ್ಟಿ ನುಡಿಸುವುದಕ್ಕೆ ಇಂಪ್ರೊವೈಸೇಶನ್ ಅನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ಮಿಂಚಿನ ಥರ ಓಡುವ ಬೆರಳುಗಳನ್ನು ನೆನೆಸಿಕೊಂಡು ಹೆದರುವವರು ಜಾಸ್ತಿ. ಸ್ತುತಿಗೀತೆಯಲ್ಲಿ ಅದಕ್ಕೆ ಜಾಗ ತೀರಾ ಕಡಿಮೆ. ಇಲ್ಲಿ ಕೆಲಸ ಇರುವುದು ಎರಡೇ ಕಡೆ: ಕೆಳಗಿನ ಬೇಸ್ ಸ್ವರ ಎಲ್ಲಿಂದ ಎಲ್ಲಿಗೆ ನಡೆಯುತ್ತದೆ ಅನ್ನುವುದರಲ್ಲಿ, ಮತ್ತೆ ಹಾಡುವವರು ಸ್ವರ ಹಿಡಿದು ನಿಂತಿರುವ ಹೊತ್ತನ್ನು ಹೇಗೆ ತುಂಬುತ್ತೀರಿ ಅನ್ನುವುದರಲ್ಲಿ.

ಅಂದಹಾಗೆ, ಅರ್ಧ ಬರೆದು ಉಳಿದರ್ಧವನ್ನು ನುಡಿಸುವವರಿಗೆ ಬಿಡುವ ಪದ್ಧತಿ ಹೊಸದೇನಲ್ಲ. 17, 18ನೇ ಶತಮಾನದ ಯುರೋಪಿನಲ್ಲಿ ಕೀಬೋರ್ಡ್ ನುಡಿಸುವವರ ಮುಂದೆ ಬೇಸ್ ಸಾಲು ಮಾತ್ರ ಇರುತ್ತಿತ್ತು, ಅದರ ಜೊತೆಗೆ 6, 7 ಅಂತ ಕೆಲವು ಅಂಕಿಗಳು. ಅದನ್ನು ನೋಡಿಕೊಂಡೇ ಅವರು ಮೇಲಿನ ಸ್ವರಗಳನ್ನು ಸ್ಥಳದಲ್ಲೇ ಕಟ್ಟುತ್ತಿದ್ದರು. ಫಿಗರ್ಡ್ ಬೇಸ್ ಅಂತ ಅದರ ಹೆಸರು. ಲೀಡ್ ಶೀಟ್ ಅದನ್ನೇ ತಲೆಕೆಳಗು ಮಾಡಿದೆ. ಅಲ್ಲಿ ಕೆಳಗಿನದು ಕೊಟ್ಟು ಮೇಲಿನದನ್ನು ಕಟ್ಟು ಅಂದರು, ಇಲ್ಲಿ ಮೇಲಿನದು ಕೊಟ್ಟು ಕೆಳಗಿನದನ್ನು ಕಟ್ಟು ಅನ್ನುತ್ತಾರೆ.

ಒಂದು ಹಾಡು, ಹದಿನಾರು ಬಾರ್

ಎಲ್ಲರಿಗೂ ಗೊತ್ತಿರುವ ಹಾಡೊಂದನ್ನೇ ತೆಗೆದುಕೊಳ್ಳೋಣ: ಅಮೇಜಿಂಗ್ ಗ್ರೇಸ್. ಜಾನ್ ನ್ಯೂಟನ್ ಬರೆದ ಈ ಪದ್ಯ 1779ರಲ್ಲಿ ಅಚ್ಚಾದಾಗ ಜೊತೆಗೆ ಟ್ಯೂನೇ ಇರಲಿಲ್ಲ. ಈಗ ನಾವು ಹಾಡುವ ಟ್ಯೂನಿನ ಹೆಸರು ನ್ಯೂ ಬ್ರಿಟನ್. ಇವೆರಡನ್ನೂ ಜೋಡಿಸಿದ್ದು ಅಮೆರಿಕದ ವಿಲಿಯಂ ವಾಕರ್, 1835ರಲ್ಲಿ. ಅವರ ಪುಸ್ತಕದಲ್ಲಿ ಇದಕ್ಕೆ ಇದ್ದದ್ದು ಮೂರೇ ದನಿ, ಮೆಲಡಿ ಇದ್ದದ್ದು ನಡುವಿನ ದನಿಯಲ್ಲಿ. ಅಂದರೆ ಇವತ್ತು ನಿಮ್ಮ ಶೀಟಿನ ಮೇಲಿರುವ ಕಾರ್ಡ್‌ಗಳು ಆಮೇಲೆ ಯಾರೋ ಆರಿಸಿಟ್ಟವು. ಇದು ತಲೆಯಲ್ಲಿದ್ದರೆ ಅವನ್ನು ಬದಲಾಯಿಸಲು ಸಂಕೋಚ ಆಗುವುದಿಲ್ಲ.

ಜಿ ಮೇಜರ್‌ನಲ್ಲಿ ಹಿಡಿಯೋಣ. ಬಾರ್‌ಗೆ ಮೂರು ಬೀಟ್. ಶುರುವಿಗೆ ಒಂದು ಬೀಟಿನ ಎತ್ತುಗಡೆ, ಆಮೇಲೆ ಹದಿನಾರು ಬಾರ್. ಸಾಮಾನ್ಯವಾಗಿ ಸಿಗುವ ಶೀಟಿನಲ್ಲಿ ಕಾರ್ಡ್‌ಗಳು ಹೀಗಿರುತ್ತವೆ: ಮೊದಲ ನಾಲ್ಕು ಬಾರ್‌ಗೆ ಜಿ, ಜಿ, ಸಿ, ಜಿ. ಮುಂದಿನ ನಾಲ್ಕಕ್ಕೆ ಜಿ, ಜಿ, ಡಿ, ಡಿ7. ಮೂರನೇ ಸಾಲು ಮತ್ತೆ ಮೊದಲಿನದೇ. ಕೊನೆಯ ಸಾಲಿಗೆ ಜಿ, ಡಿ7, ಜಿ, ಜಿ. ಮೆಲಡಿಯಲ್ಲಿ ಇರುವುದು ಐದೇ ಸ್ವರ: ಜಿ, ಎ, ಬಿ, ಡಿ, ಇ. ಜಿಯನ್ನು ಷಡ್ಜ ಅಂದುಕೊಂಡರೆ ಸ ರಿ ಗ ಪ ದ. ಮೋಹನ ರಾಗ ಕೇಳಿದವರಿಗೆ ಈ ಐದು ಸ್ವರಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಇದು ಆಮೇಲೆ ಉಪಯೋಗಕ್ಕೆ ಬರುತ್ತದೆ.

ಮೊದಲು ಬಲಗೈಯಲ್ಲಿ ಮೆಲಡಿ ಮಾತ್ರ, ಎಡಗೈಯಲ್ಲಿ ಕಾರ್ಡಿನ ಹೆಸರಿನ ಸ್ವರ ಮಾತ್ರ. ಜಿ ಅಂತ ಇದ್ದರೆ ಒಂದೇ ಒಂದು ಜಿ. ಬಾರ್‌ಗೆ ಒಂದು ಸಲ. ಇಷ್ಟನ್ನೇ ಇಡೀ ಹಾಡು ನುಡಿಸಿ, ಜೊತೆಗೆ ಬಾಯಿಬಿಟ್ಟು ಹಾಡಿ. ತೀರಾ ಸಪ್ಪೆ ಅನಿಸಬಹುದು. ಆದರೆ ಈ ಎರಡು ಸ್ವರಗಳಲ್ಲೇ ಹಾಡು ಪೂರ್ತಿ ನಿಂತಿರುತ್ತದೆ. ನಡುವೆ ಸೇರಿಸುವುದೆಲ್ಲ ಬಣ್ಣ. ಈ ಹಂತವನ್ನು ಹಾರಿಸಿ ನೇರವಾಗಿ ಎರಡೂ ಕೈಗೆ ಮೂರು ಮೂರು ಸ್ವರ ತುಂಬಿದವರ ನುಡಿಸಾಣಿಕೆ ದಪ್ಪ ಆಗುತ್ತದೆ, ಆದರೆ ಬೇಸ್ ಎತ್ತ ಹೋಗುತ್ತಿದೆ ಅಂತ ಕಿವಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಬಲಗೈಗೆ ಕಾರ್ಡ್. ನಿಯಮ ಒಂದೇ: ಮೆಲಡಿ ಸ್ವರ ಯಾವತ್ತೂ ಎಲ್ಲಕ್ಕಿಂತ ಮೇಲೆ ಇರಬೇಕು, ಕಾರ್ಡಿನ ಉಳಿದ ಸ್ವರಗಳು ಅದರ ಕೆಳಗೆ. ಜಿ ಕಾರ್ಡ್ ಅಂದರೆ ಜಿ, ಬಿ, ಡಿ. ಮೊದಲ ಬಾರ್‌ನಲ್ಲಿ ಮೆಲಡಿ ಜಿ ಮೇಲಿದೆ, ಹಾಗಾಗಿ ಕೆಳಗಿನಿಂದ ಬಿ, ಡಿ, ಜಿ ಹಿಡಿಯಿರಿ. ಎರಡನೇ ಬಾರ್‌ನಲ್ಲಿ ಮೆಲಡಿ ಬಿ, ಆಗ ಡಿ, ಜಿ, ಬಿ. ಮೂರನೇ ಬಾರ್‌ನಲ್ಲಿ ಸಿ ಕಾರ್ಡ್, ಮೇಲೆ ಜಿ ಇದೆ, ಹಾಗಾಗಿ ಸಿ, ಇ, ಜಿ. ಅದೇ ಬಾರ್‌ನ ಮೂರನೇ ಬೀಟಿಗೆ ಮೆಲಡಿ ಇಗೆ ಇಳಿಯುತ್ತದೆ, ಆಗ ಜಿ, ಸಿ, ಇ. ಒಂದೇ ಕಾರ್ಡಿನ ಸ್ವರಗಳನ್ನು ಹೀಗೆ ಮೇಲೆ ಕೆಳಗೆ ಮಾಡಿದ ರೂಪಗಳಿಗೆ ಇನ್ವರ್ಷನ್ ಅನ್ನುತ್ತಾರೆ. ಅವನ್ನು ಟೇಬಲ್ ಥರ ಉರು ಹೊಡೆಯುವುದಕ್ಕಿಂತ ಹೀಗೆ ಹಾಡಿನ ಒಳಗೇ ಕಲಿತರೆ ಬೇಗ ಹತ್ತುತ್ತದೆ.

ಎರಡನೇ ಬಾರ್‌ನ ಕೊನೆಗೆ ಎ ಬರುತ್ತದಲ್ಲ, ಅದು ಜಿ ಕಾರ್ಡಿನ ಸ್ವರವೇ ಅಲ್ಲ. ಗಾಬರಿ ಬೇಡ. ಅದು ಬಿಯಿಂದ ಜಿಗೆ ಇಳಿಯುವಾಗ ದಾರಿಯಲ್ಲಿ ಸಿಗುವ ಸ್ವರ. ಅದನ್ನು ಒಂಟಿಯಾಗಿ ನುಡಿಸಿ ಮುಂದೆ ಹೋಗಿ. ಪ್ರತಿ ಮೆಲಡಿ ಸ್ವರದ ಕೆಳಗೂ ಕಾರ್ಡ್ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಬಾರ್‌ನ ಮೊದಲ ಬೀಟಿಗೆ ಹಾಕಿದರೆ ಸಾಕು.

ಎಡಗೈಗೆ ಒಂದು ಎಚ್ಚರಿಕೆ. ಕೆಳಗಿನ ಸ್ವರಗಳು ಒಂದಕ್ಕೊಂದು ಹತ್ತಿರ ಇದ್ದಷ್ಟೂ ದನಿ ಕಲಸಿಹೋಗುತ್ತದೆ. ನಡುವಿನ ಸಿಗಿಂತ ಒಂದು ಆಕ್ಟೇವ್ ಕೆಳಗೆ ಹೋದ ಮೇಲೆ ಜಿ, ಬಿ, ಡಿ ಅಂತ ಮೂರನ್ನೂ ಒಟ್ಟಿಗೆ ಒತ್ತಿದರೆ ಗುಡುಗುಟ್ಟುತ್ತದೆ ಅಷ್ಟೇ. ಅಲ್ಲಿ ಜಿ ಮತ್ತು ಡಿ, ಅಥವಾ ಜಿ ಮತ್ತು ಅದರ ಆಕ್ಟೇವ್ ಸಾಕು. ಬಿ ಬೇಕೇ ಬೇಕು ಅಂದರೆ ಅದನ್ನು ಒಂದು ಆಕ್ಟೇವ್ ಮೇಲಕ್ಕೆ ಎತ್ತಿ: ಜಿ, ಡಿ, ಮೇಲಿನ ಬಿ. ಇದು ಹತ್ತು ಸ್ವರಗಳ ಅಗಲ, ಎಲ್ಲರ ಕೈಗೂ ಎಟುಕುವುದಿಲ್ಲ. ಎಟುಕಬೇಕಾಗಿಯೂ ಇಲ್ಲ. ಒಂದೊಂದು ಬೀಟಿಗೆ ಒಂದೊಂದರಂತೆ ಕೆಳಗಿನಿಂದ ಮೇಲಕ್ಕೆ ಬಿಡಿಸಿ ನುಡಿಸಿ, ಪೆಡಲ್ ಅವನ್ನು ಕೂಡಿಸಿಕೊಳ್ಳುತ್ತದೆ. ಮೂರು ಬೀಟಿಗೆ ಮೂರು ಸ್ವರ, ಹಾಡಿನ ನಡಿಗೆಗೆ ಸರಿಯಾಗಿ ಕೂರುತ್ತದೆ. ಪೆಡಲನ್ನು ಕಾರ್ಡ್ ಬದಲಾದ ಕೂಡಲೇ ಎತ್ತಿ, ಹೊಸ ಸ್ವರ ಮೊಳಗಿದ ಮೇಲೆ ಮತ್ತೆ ಒತ್ತಬೇಕು. ಮೊದಲೇ ಒತ್ತಿಟ್ಟರೆ ಹಳೆ ಕಾರ್ಡ್ ಹೊಸದರ ಜೊತೆ ಬೆರೆತು ರಾಡಿಯಾಗುತ್ತದೆ.

ಬೇಸ್‌ಗೆ ನಡೆಯಲು ಕಲಿಸುವುದು

ನಿಜವಾದ ಮಜಾ ಇರುವುದು ಇಲ್ಲಿ. ಮೊದಲ ಸಾಲಿನ ಬೇಸ್ ನೋಡಿ: ಜಿ, ಜಿ, ಸಿ, ಜಿ. ಎರಡು ಬಾರ್ ಕದಲದೆ ನಿಂತು, ಆಮೇಲೆ ಸಿಗೆ ಒಂದು ಜಿಗಿತ. ಈಗ ಎರಡನೇ ಬಾರ್‌ನಲ್ಲಿ ಕಾರ್ಡನ್ನು ಹಾಗೇ ಇಟ್ಟುಕೊಂಡು ಬೇಸನ್ನು ಮಾತ್ರ ಬಿ ಮಾಡಿ. ಲೀಡ್ ಶೀಟಿನಲ್ಲಿ ಇದನ್ನು ಜಿ/ಬಿ ಅಂತ ಬರೆಯುತ್ತಾರೆ. ಗೆರೆಯ ಎಡಕ್ಕೆ ಕಾರ್ಡ್, ಬಲಕ್ಕೆ ಬೇಸ್ ಸ್ವರ. ಬಿಯ ಪಕ್ಕದ ಕೀಯೇ ಸಿ. ಜಿ, ಬಿ, ಸಿ ಅಂತ ನುಡಿಸಿದಾಗ ಮೂರನೇ ಬಾರ್ ಸುಮ್ನೆ ಬಂದು ಬೀಳುವುದಿಲ್ಲ, ಬರಬೇಕಾಗಿಯೇ ಬಂತು ಅನಿಸುತ್ತದೆ. ಬದಲಾದದ್ದು ಒಂದೇ ಸ್ವರ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೆ ಕಾರ್ಡನ್ನೇ ಬದಲಾಯಿಸಬಹುದು. ಹೇಗೆ ಆರಿಸುವುದು? ಒಂದು ಮೆಲಡಿ ಸ್ವರ ಒಂದೇ ಕಾರ್ಡಿಗೆ ಸೇರಿರುವುದಿಲ್ಲ. ಜಿ ಸ್ವರವನ್ನೇ ನೋಡಿ. ಜಿ ಮೇಜರ್‌ನಲ್ಲಿ ಅದು ಮೊದಲನೆಯದು, ಇ ಮೈನರ್‌ನಲ್ಲಿ ಮೂರನೆಯದು, ಸಿ ಮೇಜರ್‌ನಲ್ಲಿ ಐದನೆಯದು. ಮೂರೂ ಕಾರ್ಡ್ ಅದರ ಕೆಳಗೆ ಕೂರುತ್ತವೆ, ಮೂರೂ ಬೇರೆ ಬೇರೆ ಭಾವ ಕೊಡುತ್ತವೆ. ಹಾಗೇ ಬಿಗೆ ಜಿ, ಇ ಮೈನರ್, ಬಿ ಮೈನರ್. ಡಿಗೆ ಜಿ, ಬಿ ಮೈನರ್, ಡಿ. ಇದನ್ನು ಕಿವಿಯಲ್ಲಿ ಕೇಳಿ ನೋಡಬೇಕು: ಬಲಗೈಯಲ್ಲಿ ಜಿ ಒಂದನ್ನೇ ಹಿಡಿದು, ಎಡಗೈಯಲ್ಲಿ ಬೇಸನ್ನು ಜಿ, ಇ, ಸಿ ಅಂತ ಇಳಿಸಿ. ಒಂದೇ ಸ್ವರ ಮೂರು ಸಲ ಮೂರು ಬಣ್ಣ ತಾಳುತ್ತದೆ.

ಈಗ ಎರಡನೇ ಸಾಲು. ಆರನೇ ಬಾರ್‌ನಲ್ಲಿ ಮೆಲಡಿ ಬಿ, ಕೊನೆ ಬೀಟಿಗೆ ಎ. ಶೀಟ್ ಹೇಳುವುದು ಜಿ. ಅದರ ಬದಲು ಬಿಗೆ ಇ ಮೈನರ್, ಎಗೆ ಎ7 ಹಾಕಿ ಏಳನೇ ಬಾರ್‌ನ ಡಿಗೆ ಹೋಗಿ. ಎ7 ಒಳಗೆ ಸಿ ಶಾರ್ಪ್ ಇದೆ. ಅದು ಜಿ ಸ್ಕೇಲಿನದಲ್ಲ, ಡಿ ಕಡೆಗೆ ಎಳೆಯುವ ಸ್ವರ. ಹಾಗಾಗಿ ಡಿ ಬಂದಾಗ ಹಾಡು ಎಲ್ಲೋ ತಲುಪಿದ ಹಾಗಾಗುತ್ತದೆ. ಎಂಟನೇ ಬಾರ್‌ನಲ್ಲಿ ಡಿ7 ಹಿಡಿದು, ಬೇಸನ್ನು ಡಿಯಿಂದ ಸಿಗೆ ಇಳಿಸಿ, ಒಂಬತ್ತನೇ ಬಾರ್‌ಗೆ ಜಿ/ಬಿ. ಹತ್ತಕ್ಕೆ ಜಿ7. ಹನ್ನೊಂದಕ್ಕೆ ಸಿ.

ಹನ್ನೊಂದನೇ ಬಾರ್‌ನ ಕೊನೆ ಬೀಟು ಗಾಸ್ಪೆಲ್ ಪಿಯಾನೊದವರಿಗೆ ಬಹಳ ಪ್ರಿಯವಾದ ಜಾಗ. ಅಲ್ಲಿ ಮೆಲಡಿ ಇ. ಬೇಸನ್ನು ಸಿಯಿಂದ ಸಿ ಶಾರ್ಪಿಗೆ ಏರಿಸಿ, ಸಿ ಶಾರ್ಪ್ ಡಿಮಿನಿಶ್ಡ್ ಕಾರ್ಡ್ ಹಿಡಿಯಿರಿ: ಸಿ ಶಾರ್ಪ್, ಇ, ಜಿ, ಬಿ ಫ್ಲಾಟ್. ಮುಂದಿನ ಬಾರ್‌ಗೆ ಜಿ/ಡಿ. ಹದಿಮೂರಕ್ಕೆ ಇ ಮೈನರ್. ಬೇಸ್ ಸಾಲು ಸಿ, ಸಿ ಶಾರ್ಪ್, ಡಿ, ಇ ಅಂತ ಮೆಟ್ಟಿಲು ಹತ್ತುತ್ತದೆ. ಮೆಲಡಿಯ ಒಂದು ಸ್ವರವನ್ನೂ ನಾವು ಮುಟ್ಟಿಲ್ಲ, ಆದರೂ ಹಾಡು ಬೇರೆಯೇ ಆಗಿದೆ ಅಲ್ವಾ? ಹದಿನಾಲ್ಕರಲ್ಲಿ ಮೊದಲು ಜಿ/ಡಿ, ಮೂರನೇ ಬೀಟಿಗೆ ಡಿ7, ಆಮೇಲೆ ಜಿ.

ಇದೆಲ್ಲವನ್ನೂ ಒಂದೇ ಚರಣಕ್ಕೆ ತುರುಕಬೇಡಿ. ಕಲಿಯುವಾಗಲೂ ಒಂದು ಸಲಕ್ಕೆ ಒಂದೇ ಬದಲಾವಣೆ. ಆ ಜಿ/ಬಿ ಒಂದೇ ಬೆರಳಿಗೆ ಹತ್ತಿ, ನೆನಪಿಸಿಕೊಳ್ಳದೆ ತಾನಾಗಿ ಬರುವ ತನಕ ಎರಡನೆಯದಕ್ಕೆ ಕೈ ಹಾಕುವ ಅಗತ್ಯವಿಲ್ಲ. ಹತ್ತು ಹಾಡಿಗೆ ಒಂದೊಂದು ಥರ ನುಡಿಸುವುದಕ್ಕಿಂತ ಒಂದು ಹಾಡನ್ನು ಹತ್ತು ಥರ ನುಡಿಸಿದವರು ಬೇಗ ಮುಂದೆ ಹೋಗುತ್ತಾರೆ.

ತುಂಬುವುದು ಎಲ್ಲಿ, ಸುಮ್ಮನಿರುವುದು ಎಲ್ಲಿ

1706ರ ಫೆಬ್ರವರಿಯಲ್ಲಿ ಜರ್ಮನಿಯ ಆರ್ನ್‌ಸ್ಟಾಟ್ ಊರಿನ ಚರ್ಚ್ ಆಡಳಿತದವರು ತಮ್ಮ ಆರ್ಗನಿಸ್ಟನ್ನು ಕರೆಸಿ ಬೈದರು. ಹಾಡಿಗೆ ಏನೇನೋ ವಿಚಿತ್ರ ಬದಲಾವಣೆ ಮಾಡುತ್ತೀಯ, ಸಂಬಂಧವಿಲ್ಲದ ಸ್ವರ ಬೆರೆಸುತ್ತೀಯ, ಸಭೆಗೆ ಗೊಂದಲ ಆಗುತ್ತಿದೆ ಅನ್ನುವುದು ದೂರು. ಬೈಸಿಕೊಂಡ ಆ ಇಪ್ಪತ್ತರ ಹುಡುಗ ಯೊಹಾನ್ ಸೆಬಾಸ್ಟಿಯನ್ ಬಾಖ್. ಪಾಂಡಿತ್ಯದ ಬಗ್ಗೆ ಅನುಮಾನವೇ ಬೇಡ. ಆದರೂ ಆಡಳಿತದವರ ಮಾತಿನಲ್ಲಿ ಹುರುಳಿದೆ ಅಂತಲೇ ನನಗೆ ಅನಿಸುತ್ತದೆ. ಹಾಡುವವರು ದಾರಿ ತಪ್ಪಿದರೆ ನುಡಿಸಿದ್ದು ಎಷ್ಟು ಚೆನ್ನಾಗಿದ್ದರೇನು?

ಹಾಗಾಗಿ ಸಭೆಯ ಜೊತೆ ನುಡಿಸುವುದು ಬೇರೆ, ಒಬ್ಬರೇ ನುಡಿಸುವುದು ಬೇರೆ. ಒಬ್ಬರೇ ಇದ್ದಾಗ ಮೆಲಡಿ ನಿಮ್ಮ ಕೈಯಲ್ಲೇ ಇರಬೇಕು. ಸಭೆ ಟ್ಯೂನನ್ನು ಚೆನ್ನಾಗಿ ಬಲ್ಲದಾದರೆ ಮೆಲಡಿ ನುಡಿಸಲೇಬೇಕು ಅಂತಿಲ್ಲ. ಬಲಗೈ ನಡುವಿನ ಜಾಗದಲ್ಲಿ ಕಾರ್ಡ್ ಹಿಡಿದು, ಎಡಗೈ ಬೇಸ್ ನಡೆಸಿದರೆ ಸಾಕು. ಆದರೆ ಹಾಡು ಹೊಸದಾಗಿದ್ದರೆ, ಅಥವಾ ಸಭೆ ಚಿಕ್ಕದಾಗಿದ್ದು ದನಿ ಸಣ್ಣದಾಗಿದ್ದರೆ, ಮೆಲಡಿಯನ್ನು ಬಿಡಬೇಡಿ.

ತುಂಬುವ ಜಾಗವನ್ನು ಮೆಲಡಿಯೇ ತೋರಿಸುತ್ತದೆ. ಈ ಹಾಡಿನಲ್ಲಿ ನಾಲ್ಕನೇ ಬಾರ್‌ನಲ್ಲಿ ಡಿ ಸ್ವರ ಎರಡು ಬೀಟ್ ನಿಲ್ಲುತ್ತದೆ. ಏಳು, ಎಂಟನೇ ಬಾರ್‌ನಲ್ಲಿ ಮೇಲಿನ ಡಿ ಐದು ಬೀಟ್ ನಿಲ್ಲುತ್ತದೆ. ಅದು ನಿಮ್ಮದು. ಅಲ್ಲಿ ಮೆಲಡಿಯ ಐದು ಸ್ವರಗಳಲ್ಲಿ (ಜಿ, ಎ, ಬಿ, ಡಿ, ಇ) ಮೂರನ್ನೋ ನಾಲ್ಕನ್ನೋ ಪೋಣಿಸಿ ಮೇಲಕ್ಕೆ ಹತ್ತಿಸಿ, ಉದಾಹರಣೆಗೆ ಎ, ಬಿ, ಡಿ, ಇ. ಈ ಐದರಲ್ಲಿ ಅಕ್ಕಪಕ್ಕ ಅರ್ಧ ಸ್ವರದ ಅಂತರದವು ಯಾವುವೂ ಇಲ್ಲ, ಆದ್ದರಿಂದ ಯಾವುದು ಯಾವುದರ ಜೊತೆ ಬಿದ್ದರೂ ಕಿವಿಗೆ ಚುಚ್ಚುವುದಿಲ್ಲ. ಹೊಸಬರಿಗೆ ಇದೇ ದೊಡ್ಡ ಧೈರ್ಯ. ಮಾತುಗಳು ಓಡುತ್ತಿರುವಲ್ಲಿ ಮಾತ್ರ ಸುಮ್ಮನಿರಿ.

ಇನ್ನೊಂದು ವಿಷಯ, ಉಸಿರು. ಎಂಟನೇ ಬಾರ್‌ನ ಕೊನೆ ಬೀಟಿಗೆ ಮೂರನೇ ಸಾಲು ಶುರು ಆಗಬೇಕು. ಅದಕ್ಕೆ ಮುಂಚೆ ಸಭೆ ಉಸಿರು ಎಳೆದುಕೊಳ್ಳಬೇಕು. ನಿಮ್ಮ ಬೆರಳು ಇನ್ನೂ ಮೇಲೆ ಹತ್ತುತ್ತಲೇ ಇದ್ದರೆ ಯಾವಾಗ ಶುರು ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅರ್ಧ ಜನ ಮುಂದೆ, ಅರ್ಧ ಜನ ಹಿಂದೆ. ತುಂಬುವ ಸ್ವರಗಳನ್ನು ಒಂದು ಬೀಟ್ ಮೊದಲೇ ಮುಗಿಸಿಬಿಡಿ. ನುಡಿಸುವಾಗ ನೀವೂ ಹಾಡುತ್ತಿದ್ದರೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ನಿಮ್ಮ ಶ್ವಾಸಕೋಶವೇ ಹೇಳುತ್ತದೆ.

ಇಂಟ್ರೊ ಸುಲಭ: ಕೊನೆಯ ನಾಲ್ಕು ಬಾರ್ ನುಡಿಸಿ. ಸ್ಕೇಲ್ ಯಾವುದು, ವೇಗ ಎಷ್ಟು ಎರಡೂ ತಿಳಿಯುತ್ತದೆ. ಹಾಡನ್ನು ಯಾವ ವೇಗದಲ್ಲಿ ನಡೆಸುತ್ತೀರೋ ಅದೇ ವೇಗದಲ್ಲಿ ನುಡಿಸಬೇಕು. ಇಂಟ್ರೊದಲ್ಲಿ ರಾಗ ಎಳೆದು, ಹಾಡು ಶುರುವಾದ ಮೇಲೆ ಓಡಿದರೆ ಕಷ್ಟ.

ಕಾರ್ಡ್ ಬದಲಾಯಿಸುವ ಬಗ್ಗೆಯೂ ಒಂದು ಮಾತು. ಸಭೆಯಲ್ಲಿ ಪುಸ್ತಕ ನೋಡಿ ಆಲ್ಟೊ, ಟೆನರ್ ಹಾಡುವವರಿದ್ದರೆ ನಿಮ್ಮ ಇ ಮೈನರ್, ಎ7 ಅವರ ಸ್ವರಕ್ಕೆ ಡಿಕ್ಕಿ ಹೊಡೆಯುತ್ತವೆ. ಇಂಗ್ಲೆಂಡಿನ ಚರ್ಚ್‌ಗಳ ಆರ್ಗನಿಸ್ಟ್‌ಗಳು ಇದಕ್ಕೆ ಒಂದು ದಾರಿ ಮಾಡಿಕೊಂಡಿದ್ದಾರೆ. ಕೊನೆಯ ಚರಣವನ್ನು ಎಲ್ಲರೂ ಮೆಲಡಿಯನ್ನೇ ಒಟ್ಟಾಗಿ ಹಾಡುವುದು, ಅಲ್ಲಿ ಮಾತ್ರ ಆರ್ಗನ್ ಹೊಸ ಕಾರ್ಡ್‌ಗಳನ್ನು ನುಡಿಸುವುದು. ಮೊದಲೇ ಹೇಳಿಟ್ಟರೆ ಯಾರಿಗೂ ತಕರಾರಿಲ್ಲ.

ಸ್ಕೇಲ್ ಬದಲಾದರೆ

ಲೀಡ್ ಶೀಟಿನ ಸ್ಕೇಲ್ ನಿಮ್ಮ ಸಭೆಗೆ ಹೊಂದಲೇಬೇಕು ಅಂತಿಲ್ಲ. ಎಷ್ಟೋ ಶೀಟ್‌ಗಳನ್ನು ಗಿಟಾರ್‌ನವರ ಕೈಗೆ ಸುಲಭವಾಗಲಿ ಅಂತ ಜಿ, ಡಿ, ಎಗಳಲ್ಲಿ ಬರೆದಿರುತ್ತಾರೆ. ಕಾರ್ಡ್ ಹೆಸರುಗಳ ಬದಲು ಅಂಕಿಗಳಲ್ಲಿ ಯೋಚಿಸಿದರೆ ಈ ತೊಂದರೆ ನೀಗುತ್ತದೆ. ಜಿ ಸ್ಕೇಲಿನಲ್ಲಿ ಜಿ ಅಂದರೆ 1, ಸಿ ಅಂದರೆ 4, ಡಿ ಅಂದರೆ 5, ಇ ಮೈನರ್ ಅಂದರೆ 6. ಮೊದಲ ಸಾಲು 1, 1, 4, 1. ಎಫ್‌ಗೆ ಇಳಿಸಬೇಕೆ? ಆಗ 1 ಅಂದರೆ ಎಫ್, 4 ಅಂದರೆ ಬಿ ಫ್ಲಾಟ್. ನ್ಯಾಶ್‌ವಿಲ್ ಸ್ಟುಡಿಯೋಗಳ ಸಂಗೀತಗಾರರು 1950ರ ದಶಕದ ಕೊನೆಯಿಂದ ಹೀಗೇ ಅಂಕಿಗಳಲ್ಲಿ ಬರೆದುಕೊಂಡು ನುಡಿಸುತ್ತಾ ಬಂದಿದ್ದಾರೆ. ಎಲೆಕ್ಟ್ರಾನಿಕ್ ಕೀಬೋರ್ಡಿನಲ್ಲಿ ಸ್ಕೇಲನ್ನು ತಾನೇ ಬದಲಾಯಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತುವುದು ತಪ್ಪಲ್ಲ, ಆರಾಧನೆಯ ನಡುವೆ ಅದೇ ಜಾಣತನ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮಾತ್ರ ಅದನ್ನು ಮುಟ್ಟಬೇಡಿ.

ಕೊನೆಯ ಚರಣಕ್ಕೆ ಸ್ಕೇಲನ್ನು ಅರ್ಧ ಸ್ವರ ಏರಿಸುವ ಆಸೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಜಿಯಿಂದ ಎ ಫ್ಲಾಟ್‌ಗೆ ಹೋಗಲು ಇ ಫ್ಲಾಟ್7 ಬೇಕು: ಇ ಫ್ಲಾಟ್, ಜಿ, ಬಿ ಫ್ಲಾಟ್, ಡಿ ಫ್ಲಾಟ್. ಅದರೊಳಗೇ ಜಿ ಇದೆ ನೋಡಿ. ಹಾಗಾಗಿ ಸಭೆ ಕೊನೆಯ ಜಿ ಸ್ವರವನ್ನು ಹಿಡಿದು ನಿಂತಿರುವಾಗಲೇ, ಹದಿನೈದನೇ ಬಾರ್ ಜಿಯಲ್ಲಿ ಮುಗಿಸಿ, ಹದಿನಾರನೇ ಬಾರ್‌ಗೆ ಇ ಫ್ಲಾಟ್7 ಇಟ್ಟುಬಿಡಬಹುದು. ಅವರ ಸ್ವರಕ್ಕೆ ಧಕ್ಕೆ ಇಲ್ಲ. ಹೊಸ ಸ್ಕೇಲಿನಲ್ಲಿ ಹಾಡಿನ ಮೊದಲ ಸ್ವರವೂ ಇ ಫ್ಲಾಟೇ. ಅದನ್ನು ಬಲಗೈಯಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಗಟ್ಟಿಯಾಗಿ ನುಡಿಸಿದರೆ ಎಲ್ಲಿಂದ ಎತ್ತಿಕೊಳ್ಳಬೇಕು ಅಂತ ಸಭೆಗೆ ಕೇಳಿಸುತ್ತದೆ. ಜಾಗ ಸಾಲದು ಅನಿಸಿದರೆ ಇ ಫ್ಲಾಟ್7 ಮೇಲೆ ಇನ್ನೊಂದು ಬಾರ್ ನಿಲ್ಲಿ. ಈ ಹಾಡಿನ ಅತಿ ಎತ್ತರದ ಸ್ವರ ಜಿ ಸ್ಕೇಲಿನಲ್ಲಿ ಮೇಲಿನ ಡಿ ಆಗಿತ್ತು, ಈಗ ಅದೂ ಇ ಫ್ಲಾಟ್ ಆಗುತ್ತದೆ. ಬೆಳಗಿನ ಆರಾಧನೆಗೆ, ದನಿ ಇನ್ನೂ ಬಿಟ್ಟುಕೊಳ್ಳದ ಹೊತ್ತಿಗೆ, ಅದು ಜಾಸ್ತಿಯೇ. ಹಾಗೆ ಮಾಡುವುದಾದರೆ ಮೊದಲ ಚರಣವನ್ನೇ ಎಫ್‌ನಲ್ಲಿ ಶುರು ಮಾಡಿ, ಕೊನೆಯದನ್ನು ಜಿ ಫ್ಲಾಟ್‌ಗೆ ಏರಿಸಿ. ಜಿ ಫ್ಲಾಟ್‌ನಲ್ಲಿ ಈ ಮೆಲಡಿಯ ಐದೂ ಸ್ವರಗಳು ಕಪ್ಪು ಕೀಗಳ ಮೇಲೇ ಬೀಳುತ್ತವೆ, ತುಂಬುವಾಗ ಬೆರಳು ತಪ್ಪುವ ಭಯವೂ ಇರುವುದಿಲ್ಲ.